ಖಾಲಿ ಮಿಕ್ಸಿ ತಿರುಗಿಸದ ಊರು

ಬೇರೆ ಮನೆಗಳಲ್ಲಿ ಬೀಗದ ಕೈ ಗೊಂಚಲು ಯಾವಾಗ ತಮ್ಮ ಸೊಂಟಕ್ಕೆ ಬಂದೀತೆಂದು ಸೊಸೆಯರು ಕಾಯುತ್ತಾರೆ. ಹೂಡಿ ಎಂಬ ಊರಿನ ಶ್ಯಾಮಲಾ ಮದುವೆಯಾದ ವರ್ಷದಿಂದಲೂ ಅದರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದಳು.

ಆ ಗೊಂಚಲು ಸಾಮಾನ್ಯದ್ದಲ್ಲ. ಅವಳ ಮಾವ ಆಂಜಿನಪ್ಪನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಅಂಗಡಿಗಳು, ಅದರ ಮೇಲೆ ಬಾಡಿಗೆ ರೂಮುಗಳು, ಅದರ ಮೇಲೆ ಒಂದು ಕಂಪನಿಯ ಆಫೀಸು, ತುದಿಯಲ್ಲಿ ಮನೆಯವರು. ಪ್ರತಿ ಬೀಗಕ್ಕೂ ಒಂದು ಕೈ, ಪ್ರತಿ ಕೈಗೂ ಒಂದು ಜಗಳ. ನೀರಿನ ಮೋಟರು ಹಾಕುವ ಸರದಿ ಯಾರದು, ತಾರಸಿಯ ಹಗ್ಗದ ಮೇಲೆ ಯಾರ ಲುಂಗಿ ಯಾರ ಸೀರೆಗೆ ತಾಗಿತು, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟವರು ಯಾರು, ಇವೆಲ್ಲ ಗೊಂಚಲು ಹಿಡಿದವರ ಕೊರಳಿಗೆ. ಅತ್ತೆ ಲಕ್ಷ್ಮಮ್ಮ ಇಷ್ಟು ಕಾಲ ಅದನ್ನು ದರ್ಬಾರಿನಂತೆ ನಡೆಸಿದ್ದರು. ಈಗ ಅವರಿಗೆ ಮಂಡಿನೋವು. ಗೊಂಚಲನ್ನು ಸೊಸೆಗೆ ಸಿಕ್ಕಿಸಿ, ತಾವು ಟಿ.ವಿ. ಮುಂದೆ ಕಾಲು ಚಾಚಿ ಕೂರಬೇಕೆಂದು ಅವರ ಆಸೆ.

ಶ್ಯಾಮಲಾಳ ಆಸೆ ಇನ್ನೂ ಚಿಕ್ಕದು. ಬೆಳಿಗ್ಗೆ ತಲೆ ಬಾಚಿ, ಚೀಲವನ್ನು ಹೆಗಲಿಗೆ ಹಾಕಿ, ಗೇಟು ದಾಟಿ ಹೊರಗೆ ಹೋಗಬೇಕು. ಎಲ್ಲಿಗೆ ಎಂಬುದು ಅವಳಿಗೆ ಅಷ್ಟು ಮುಖ್ಯವಿರಲಿಲ್ಲ. ಬಿ.ಕಾಂ. ಮುಗಿಸಿದ್ದಳು. ಮದುವೆಯ ಮಾತುಕತೆಯಲ್ಲಿ ಆ ಬಿ.ಕಾಂ. ಒಮ್ಮೆ ಹೊರಗೆ ಬಂದಿತ್ತು, ಆಮೇಲೆ ಬೀರುವಿನೊಳಗೆ ಹೋಗಿ ರೇಷ್ಮೆ ಸೀರೆಗಳ ಜತೆ ನುಸಿಗುಳಿಗೆಯ ವಾಸನೆ ಹಿಡಿಯುತ್ತಿತ್ತು.

ದಾರಿ ತೆರೆದದ್ದು ಅವರದೇ ಕಟ್ಟಡದ ಕಂಪನಿಯಿಂದ. ಅದನ್ನು ನಡೆಸುತ್ತಿದ್ದವನು ವಿಶ್ರುತ್ ಎಂಬ ಹುಡುಗ. ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವನು. ಯಂತ್ರಗಳ ಜತೆ ತಾಳ್ಮೆಯಿಂದಲೂ ಮನುಷ್ಯರ ಜತೆ ಅವಸರದಿಂದಲೂ ವರ್ತಿಸುತ್ತಿದ್ದ. ಬಾಡಿಗೆಯ ರಸೀದಿ ಕೊಡಲು ಹೋದಾಗ ಶ್ಯಾಮಲಾ ಕೇಳಿದಳು: "ನೀವಿಲ್ಲಿ ಮಾಡೋದೇನು?"

"ಒಂದು ಮನೇಗೆ ಕರೆಂಟು ಬರೋದು ಒಂದೇ ದಾರೀಲಿ ಅಲ್ವಾ ಶ್ಯಾಮಲಾ ಅವ್ರೇ? ಮೀಟರ್ ದಾಟ್ಕೊಂಡೇ ಒಳಗೆ ಹೋಗ್ಬೇಕು. ಫ್ಯಾನು ಒಂಥರಾ ಎಳ್ಕೊಳತ್ತೆ, ಫ್ರಿಡ್ಜು ಇನ್ನೊಂಥರಾ, ಗೀಸರು ಮತ್ತೊಂಥರಾ. ಈ ಸ್ಮಾರ್ಟ್ ಮೀಟರು ಅದನ್ನೆಲ್ಲ ಕ್ಷಣಕ್ಷಣಕ್ಕೂ ಗುರುತು ಹಾಕ್ಕೊಳತ್ತೆ. ನಮ್ಮ ಮಿಷಿನ್ನು ಅದನ್ನ ನೋಡಿ, ಈ ಮನೇಲಿ ಈಗ ಏನು ಓಡ್ತಿದೆ ಅಂತ ಹೇಳ್ಬೇಕು."

"ಮನೆಯೊಳಗೆ ಕಾಲಿಡದೇನೇ?"

"ಕಾಲಿಡದೇನೇ."

"ಅದೇನು ಮಹಾ? ನಮ್ಮತ್ತೆ ಮೆಟ್ಟಿಲ ಸದ್ದಲ್ಲೇ ಯಾವ ರೂಮಿನೋರು ಬಂದ್ರು ಅಂತ ಹೇಳ್ತಾರೆ."

"ಕರೆಕ್ಟ್! ಆದ್ರೆ ನಿಮ್ಮತ್ತೆ ಎಷ್ಟು ಸಲ ಕೇಳಿ ಕೇಳಿ ಕಲ್ತಿರ್ತಾರೆ? ಇದಕ್ಕೂ ಹಾಗೇ ಕಲಿಸ್ಬೇಕು. ಯಾರಾದ್ರೂ ಮನೇಲಿ ನಿಂತು, ಈಗ ಮಿಕ್ಸಿ ಹಾಕ್ದೆ, ಈಗ ಇಸ್ತ್ರಿಪೆಟ್ಟಿಗೆ ಹಾಕ್ದೆ ಅಂತ ಮೊಬೈಲಲ್ಲಿ ಒತ್ತಬೇಕು. ಆದ್ರೆ ನಮ್ಮ ಹುಡುಗರನ್ನ ಯಾರೂ ಒಳಗೇ ಬಿಡ್ತಿಲ್ಲ."

ಬಿಡದಿದ್ದುದು ನಿಜ. ಹಳೆಯ ಊರಿನ ಮನೆಗಳಿಗೆ ಕಂಪನಿ ಮೀಟರುಗಳನ್ನೇನೋ ಹಾಕಿಸಿತ್ತು. ಆಮೇಲೆ ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಬಂದ ಹುಡುಗರನ್ನು ಒಂದು ಮನೆಯವರು ಸಾಲ ವಸೂಲಿಯವರೆಂದರು, ಇನ್ನೊಂದು ಮನೆಯವರು ನೀರು ಸೋಸುವ ಯಂತ್ರ ಮಾರುವವರೆಂದರು. ಮೂರನೆಯ ಮನೆಯವರು ಏನೂ ಅನ್ನದೆ ನಾಯಿಯ ಸರಪಳಿ ಬಿಚ್ಚಿದರು. ಊರಿನವರೇ ಯಾರಾದರೂ ಬೇಕಾಗಿತ್ತು. ವಿಶ್ರುತ್ ಮೇಲಿನ ಮನೆಗೆ ಬಂದು, ಶ್ಯಾಮಲಾಳನ್ನು ಕೆಲಸಕ್ಕೆ ಕಳಿಸಿಕೊಡಿರೆಂದು ಕೇಳಿದ.

"ನಮ್ ಸೊಸೆ ಮನೆಮನೆ ಬಾಗ್ಲು ತಟ್ಟಾದಾ?" ಎಂದರು ಲಕ್ಷ್ಮಮ್ಮ. "ನಾವೇನು ಓಟಿಗೆ ನಿಂತಿದೀವೇನಪ್ಪಾ?"

ಶ್ಯಾಮಲಾಳ ಗಂಡ ಶಶಿಕುಮಾರ್ ನೀರಿನ ಟ್ಯಾಂಕರ್ ಇಟ್ಟುಕೊಂಡಿದ್ದ. ಅವ್ವ ಮಾತಾಡುವಾಗ ಅವನಿಗೆ ತಪ್ಪದೆ ಫೋನು ಬರುತ್ತಿತ್ತು. ಆಗಲೂ ಬಂತು, ಎದ್ದು ಹೋದ. ಉಳಿದವರು ಆಂಜಿನಪ್ಪ. ಅವರು ಇಡೀ ದಿನ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವವರು. ವರ್ಷಕ್ಕೊಂದು ಮಾತಾಡಿದರೆ ಹೆಚ್ಚು. ಆ ವರ್ಷದ ಮಾತನ್ನು ಅವರು ಅವತ್ತು ಆಡಿದರು.

"ಓಗ್ಲಿ ಬಿಡು," ಎಂದರು.

ಅಪರೂಪದ ಮಾತಾದ್ದರಿಂದ ಅದನ್ನು ತಳ್ಳಿಹಾಕುವುದು ಲಕ್ಷ್ಮಮ್ಮನಿಗೂ ಕಷ್ಟವಾಯಿತು. ಅವರು ಷರತ್ತು ಹಾಕಿದರು. ದಸರಾ ಕಳೆದ ಮೇಲೆ ವಿದ್ಯುತ್ ಇಲಾಖೆಯ ದೊಡ್ಡ ಎಂಜಿನಿಯರು ಬಂದು ಯಂತ್ರವನ್ನು ಪರೀಕ್ಷಿಸುವವರಿದ್ದರು. "ಆ ಸಾಯೇಬ್ರ ಮುಂದೆ ನಿಮ್ ಮಿಷಿನ್ನು ಸರಿಯಾಗಿ ಗುರುತು ಇಡುದ್ರೆ ನೀನು ಎಲ್ಗಾದ್ರೂ ಓಗಮ್ಮಿ, ನಾನು ಬ್ಯಾಡ ಅನ್ನಾಕಿಲ್ಲ. ತಪ್ಪು ಏಳ್ತೋ, ಅವತ್ತೇ ಮನೇಗ್ ಬಂದು ಈ ಗೊಂಚಲು ಇಡ್ಕೋ. ಆಮ್ಯಾಕೆ ಕೆಲ್ಸದ ಮಾತೆತ್ತಂಗಿಲ್ಲ."

"ಆಯ್ತು ಅತ್ತೆ," ಎಂದಳು ಶ್ಯಾಮಲಾ. ಮರುದಿನ ತಲೆ ಬಾಚಿ, ಚೀಲ ಹಾಕಿಕೊಂಡು ಗೇಟು ದಾಟಿದಳು.

ವಿಶ್ರುತ್ ಹೇಳಿಕೊಟ್ಟಿದ್ದು ಸುಲಭವಾಗಿತ್ತು: ಪ್ರತಿ ಮನೆಯಲ್ಲೂ ಪ್ರತಿಯೊಂದನ್ನೂ ಎರಡು ನಿಮಿಷ ಹಾಕಿಸಿ, ಆರಿಸಿ, ಹೆಸರು ಒತ್ತುವುದು. ಒಂದು ಬೀದಿ ಒಂದು ಬೆಳಿಗ್ಗೆಯಲ್ಲಿ ಮುಗಿದೀತೆಂದು ಅವನ ಲೆಕ್ಕ. ಅವನು ಇನ್ನೂ ಮದುವೆಯಾಗದವನು, ಆ ಲೆಕ್ಕವನ್ನು ಕ್ಷಮಿಸಬಹುದು.

ಮೊದಲ ಮನೆ ರಾಮಕ್ಕನದು. ರಾಮಕ್ಕ ಲಕ್ಷ್ಮಮ್ಮನ ವಾರಿಗೆಯವಳು, ಬಾಯಿಯೂ ಹಾಗೆಯೇ.

"ಅಕ್ಕಾ, ಸ್ವಲ್ಪ ಮಿಕ್ಸಿ ಹಾಕಿ," ಎಂದಳು ಶ್ಯಾಮಲಾ.

"ಏನು ರುಬ್ಬಾಕೆ?"

"ಏನೂ ಇಲ್ಲ, ಸುಮ್ನೆ."

ರಾಮಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಸುಮ್ಕೆ ತಿರುಗಿಸ್ತಾರೇನಮ್ಮಿ? ಖಾಲಿ ಬೀಸೋಕಲ್ಲು ತಿರುಗಿಸ್ಬಾರ್ದು, ಖಾಲಿ ತೊಟ್ಲು ತೂಗ್ಬಾರ್ದು ಅಂತ ನಿಮ್ಮವ್ವ ಏಳಿಕೊಟ್ಟಿಲ್ವಾ? ಮನೇಗೆ ಆಯ್ತದಾ ಅದು?"

ಶ್ಯಾಮಲಾಳ ಅವ್ವ ಹೇಳಿಕೊಟ್ಟಿದ್ದಳು. ಬಾಯಿತಪ್ಪಿ ಕೇಳಿಬಿಟ್ಟೆನೆಂದು ಶ್ಯಾಮಲಾ ನಾಲಗೆ ಕಚ್ಚಿಕೊಂಡಳು. ರಾಮಕ್ಕ ಕಾಯಿ ತುರಿದಳು, ಹುರಿಗಡಲೆ ಹಾಕಿದಳು, ಹಿತ್ತಲಿಗೆ ಹೋಗಿ ಕೊತ್ತಂಬರಿ ಕಿತ್ತು ತಂದಳು. ಅಂತೂ ಮಿಕ್ಸಿ ತಿರುಗಿತು. ಶ್ಯಾಮಲಾ 'ಮಿಕ್ಸಿ' ಎಂದು ಒತ್ತಿದಳು. ಚಟ್ನಿ ಆದ ಮೇಲೆ ತಿನ್ನದೆ ಹೋಗುವಂತಿರಲಿಲ್ಲ. ಬರಿಯ ಚಟ್ನಿ ತಿನ್ನಲು ಬರುವುದಿಲ್ಲವಾದ್ದರಿಂದ ರಾಮಕ್ಕ ರೊಟ್ಟಿ ತಟ್ಟಿದಳು.

ಎರಡನೆಯ ಮನೆಯಲ್ಲೂ ಹಾಗೇ ಆಯಿತು, ಮೂರನೆಯದರಲ್ಲೂ. ಗ್ರೈಂಡರ್ ಇದ್ದ ಮನೆಯವರು, "ಅಕ್ಕಿ ನೆನೆಯಾಕ್ತೀವಿ, ನಾಳೆ ಬಾ" ಎಂದರು. ಮರುದಿನ ಹೋದರೆ ಹಿಟ್ಟು ಹುದುಗಿದ ಮೇಲೆ ಇಡ್ಲಿಗೆ ಬಾ ಎಂದರು. ಇಸ್ತ್ರಿಪೆಟ್ಟಿಗೆ ಕಾದ ಮೇಲೆ ಸುಮ್ಮನೆ ಆರಿಸುವುದುಂಟೆ ಎಂದು ಪಕ್ಕದ ಮನೆಯವರ ರವಿಕೆಗಳನ್ನೂ ತರಿಸಿದರು. ಹೀಗೆ ಒಂದು ಬೆಳಿಗ್ಗೆಯ ಬೀದಿ ಒಂದು ವಾರ ಹಿಡಿಯಿತು. ಉಳಿದ ಚಟ್ನಿಯೂ ಹಿಟ್ಟೂ ಶ್ಯಾಮಲಾಳ ಚೀಲದಲ್ಲಿ ಆಫೀಸು ಸೇರಿದವು. ಅಲ್ಲಿಯ ಹುಡುಗರು ದುಂಡಗಾದರು.

ಖಾಲಿ ಮಿಕ್ಸಿಯ ವಿಷಯವನ್ನು ಅವಳು ವಿಶ್ರುತ್‌ಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳಬೇಕಾದ್ದೆಂದು ಹೊಳೆಯಲಿಲ್ಲ, ಅಷ್ಟೆ. ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗಲಿಲ್ಲ ಎಂದು ಯಾರಾದರೂ ವರದಿ ಕೊಡುತ್ತಾರೆಯೆ? ವಿಶ್ರುತ್ ಕೂಡ ಕೇಳಲಿಲ್ಲ. ಅವನಿಗೆ ಪರದೆಯ ಮೇಲೆ ಗೆರೆ ಕಾಣುತ್ತಿತ್ತು: ಏರುತ್ತದೆ, ಜಗ್ಗುತ್ತದೆ, ನಿಲ್ಲುತ್ತದೆ, ಮತ್ತೆ ಏರುತ್ತದೆ. ಮಿಕ್ಸಿ ಕಾಯಿಚೂರಿಗೆ ಸಿಕ್ಕಿ ಹೆಣಗುವುದು, ಮುಚ್ಚಳ ತೆಗೆದು ಚಮಚದಿಂದ ಸರಿಸುವುದು, ಮತ್ತೆ ಹೆಣಗುವುದು, ಎಲ್ಲ ಆ ಗೆರೆಯಲ್ಲಿತ್ತು. ಮಿಕ್ಸಿಯ ಸ್ವಭಾವವೇ ಅದು ಎಂದುಕೊಂಡ.

"ಸಕ್ಕತ್ತಾಗಿದೆ ಶ್ಯಾಮಲಾ ಅವ್ರೇ," ಎಂದ, ದೋಸೆ ಮುರಿಯುತ್ತ. "ಎಲ್ಲಾ ಮನೇದೂ ಒಂದೇ ಥರ ಬರ್ತಿದೆ. ನಮ್ಮ ಮಿಷಿನ್ನು ಮಿಕ್ಸೀಲಿ ತಪ್ಪೋ ಚಾನ್ಸೇ ಇಲ್ಲ."

ಗೀಸರಿನ ವಾರ ಬಂದಾಗ ಕಷ್ಟ ಹೆಚ್ಚಾಯಿತು. ರಾಮಕ್ಕ ಗೀಸರು ಹಾಕಿದಳು, ನೀರು ಕಾಯಿತು, ಶ್ಯಾಮಲಾ ಹೆಸರು ಒತ್ತಿ ಹೊರಟಳು. ರಾಮಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಕಾದ ನೀರು ಚೆಲ್ಲಾದಾ? ಬಾ, ತಲೆಗೆ ಉಯ್ಕೋ."

"ಬೆಳಿಗ್ಗೇನೇ ಸ್ನಾನ ಆಗಿದೆ ಅಕ್ಕಾ."

"ಆಗಿದ್ರೇನು, ನೀರು ಕಾದೈತಲ್ಲ! ಎಣ್ಣೇನೂ ಒತ್ತಿಬಿಡ್ತೀನಿ, ಕೂತ್ಕೋ."

ಆಮೇಲೆ ಬಸಕ್ಕನ ಮನೆ. ಅಲ್ಲಿಯೂ ನೀರು ಕಾಯಿತು. ರಾಮಕ್ಕನ ಮನೆಯಲ್ಲಿ ಮಿಂದು ತಮ್ಮ ಮನೆಯಲ್ಲಿ ಮೀಯದೆ ಹೋದರೆ ಏನರ್ಥ ಎಂದು ಬಸಕ್ಕ ಕೇಳಿದಳು. ಶ್ಯಾಮಲಾ ಅಲ್ಲಿಯೂ ಮಿಂದಳು.

ನಡುಮಧ್ಯಾಹ್ನ ಶ್ಯಾಮಲಾ ಒದ್ದೆ ಕೂದಲು ಬಿಟ್ಟುಕೊಂಡು ಬೀದಿಯಲ್ಲಿ ನಡೆದುಬಂದಳು. ಹೂಡಿಯ ಹಳೆಯ ಜನಕ್ಕೆ ಇದರ ಅರ್ಥ ಒಂದೇ. ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ನೀರು ಹಾಕಿಕೊಂಡು ಬರುವವರು ಸಾವಿನ ಮನೆಯಿಂದ ಬರುತ್ತಾರೆ. ಊರಿನ ಸಾವುಗಳ ಉಸ್ತುವಾರಿಯನ್ನು ಯಾರೂ ವಹಿಸದೆ ತಾನೇ ವಹಿಸಿಕೊಂಡಿದ್ದ ಆವಲಪ್ಪ ಅವಳನ್ನು ಟೀ ಅಂಗಡಿಯಿಂದ ನೋಡಿದ. ಟೀ ಅರ್ಧಕ್ಕೆ ಬಿಟ್ಟ. ಹೆಗಲಿಗೆ ಟವೆಲು ಹಾಕಿಕೊಂಡು ಬಂದು ಆಂಜಿನಪ್ಪನವರ ಮುಂದೆ ನಿಂತ.

"ಯಾರು ಓದ್ರು ಆಂಜಿನಪ್ಪಾ?"

ಆಂಜಿನಪ್ಪ ಆ ವರ್ಷದ ಮಾತನ್ನು ಆಗಲೇ ಖರ್ಚು ಮಾಡಿದ್ದರು. ಆಕಾಶ ನೋಡಿದರು. ಬಾಯಿ ಬಾರದಷ್ಟು ಹತ್ತಿರದವರೇ ಇರಬೇಕೆಂದುಕೊಂಡ ಆವಲಪ್ಪ ಟವೆಲಿನಿಂದ ಕಣ್ಣೊರೆಸಿ ಪಕ್ಕದಲ್ಲಿ ಕೂತ. ಅವನು ಕೂತದ್ದನ್ನು ನೋಡಿ ಇನ್ನಿಬ್ಬರು ಬಂದರು. ಅವರನ್ನು ನೋಡಿ ಮತ್ತಷ್ಟು ಮಂದಿ. ಲಕ್ಷ್ಮಮ್ಮ ಮೋಟರು ಹಾಕಲು ಕೆಳಗಿಳಿದಾಗ ಗೇಟಿನ ತುಂಬ ಜನ ತಲೆ ತಗ್ಗಿಸಿ ಕೂತಿದ್ದರು.

ಲಕ್ಷ್ಮಮ್ಮ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟರು. "ಅಯ್ಯೋ, ಯಾರು ಸತ್ತಿದ್ದು?"

"ಅದನ್ನ ನೀವೇ ಏಳ್ಬೇಕು ಕಣವ್ವಾ," ಎಂದ ಆವಲಪ್ಪ.

ಆ ಸಂಜೆ ಲಕ್ಷ್ಮಮ್ಮನ ಕೋಪ ನಾಲ್ಕು ಅಂತಸ್ತಿಗೂ ಕೇಳಿಸಿತು. "ಗೀಸರಿಗೆ ಪಾಠ ಏಳಿಕೊಡಾಕ್ ಓಗಿ ತಲೆ ನೆನೆಸ್ಕೊಂಡು ಬಂದಿದೀಯ! ಬದುಕಿರೋರ್‌ನೆಲ್ಲ ಸಾಯಿಸ್ಬಿಟ್ಯಲ್ಲಮ್ಮೀ! ದಸರಾ ಕಳೀಲಿ, ನಿನ್ ಮಿಷಿನ್ ಬಂಡವಾಳ ನಾನೂ ನೋಡ್ತೀನಿ." ಗೊಂಚಲನ್ನು ಒಮ್ಮೆ ಝಣ್ ಎನ್ನಿಸಿದರು. ಶ್ಯಾಮಲಾ ಕೂದಲು ಒರೆಸಿಕೊಂಡಳು. ಬೆಳಿಗ್ಗೆ ಎದ್ದು ಮತ್ತೆ ಹೊರಟಳು.

ದಸರಾ ಕಳೆಯಿತು. ಪರೀಕ್ಷೆಗೆ ಗೊತ್ತಾದದ್ದು ಒಂದು ಶುಕ್ರವಾರ. ಆಯುಧಪೂಜೆಯಲ್ಲಿ ಮೀಟರಿಗೆ ಸುತ್ತಿದ ಚೆಂಡುಹೂವು ಇನ್ನೂ ಬಾಡಿಕೊಂಡು ಅಲ್ಲೇ ಇತ್ತು. ಆಫೀಸಿನ ನಡುವೆ ಮೇಜು, ಮೇಜಿನ ಮೇಲೆ ಫ್ಯಾನು, ಇಸ್ತ್ರಿಪೆಟ್ಟಿಗೆ, ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಮಿಕ್ಸಿ. ಗೋಡೆಯ ಮೇಲೆ ದೊಡ್ಡ ಪರದೆ. ಯಾವುದನ್ನು ಹಾಕಿದರೂ ಯಂತ್ರ ಪಕ್ಕದ ಕೋಣೆಯ ಮೀಟರನ್ನು ಮಾತ್ರ ನೋಡಿ ಪರದೆಯ ಮೇಲೆ ಅದರ ಹೆಸರು ಬರೆಯಬೇಕು.

ಹಿರಿಯ ಎಂಜಿನಿಯರು ಹನುಮಂತರಾಯಪ್ಪ ಬಂದರು, ಜತೆಗೊಬ್ಬ ಕಿರಿಯ ಎಂಜಿನಿಯರು. ಹನುಮಂತರಾಯಪ್ಪ ನಿವೃತ್ತಿಗೆ ಹತ್ತಿರವಾದ ಮನುಷ್ಯ, ಯಾವುದಕ್ಕೂ ಆಶ್ಚರ್ಯಪಡುವ ಅಭ್ಯಾಸ ಬಿಟ್ಟವರು. ಅವರಿಗಿಂತ ಮೊದಲೇ ಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು, ಗೊಂಚಲು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಸಾಲಿನಲ್ಲಿ ಕೂತಿದ್ದರು. ಕಟ್ಟಡದ ಒಡತಿಯನ್ನು ಎದ್ದು ಹಿಂದೆ ಕೂರಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಬಾಗಿಲ ಬಳಿ ಶಶಿಕುಮಾರ್ ಫೋನು ಹಿಡಿದು ನಿಂತಿದ್ದ.

ಫ್ಯಾನು ಹಾಕಿದರು. ಪರದೆ 'ಫ್ಯಾನು' ಎಂದಿತು. ಇಸ್ತ್ರಿಪೆಟ್ಟಿಗೆ ಹಾಕಿದರು. 'ಇಸ್ತ್ರಿಪೆಟ್ಟಿಗೆ' ಎಂದಿತು. ಕಾದ ಪೆಟ್ಟಿಗೆ ದಂಡವಾಗಬಾರದೆಂದು ಶ್ಯಾಮಲಾ ಹನುಮಂತರಾಯಪ್ಪನವರ ಕರ್ಚೀಫು ಇಸಿದುಕೊಂಡು ಇಸ್ತ್ರಿ ಮಾಡಿ ಮಡಿಸಿಕೊಟ್ಟಳು. ಅವರು ಅದನ್ನು ಜೇಬಿಗಿಟ್ಟುಕೊಂಡು, "ಮುಂದೆ," ಎಂದರು.

ವಿಶ್ರುತ್ ಮಿಕ್ಸಿಯ ಗುಂಡಿ ತಿರುಗಿಸಿದ. ಖಾಲಿ ಜಾರು ಕಿರ್ರೆಂದು ಕಿರುಚಿತು. ಲಕ್ಷ್ಮಮ್ಮ ಬೆಚ್ಚಿ ಎದೆಗೆ ಕೈಯಿಟ್ಟುಕೊಂಡರು. ಶ್ಯಾಮಲಾಳಿಗೂ ಮೈ ಜುಮ್ಮೆಂದಿತು, ಆದರೆ ಕಣ್ಣು ಪರದೆಯ ಮೇಲಿತ್ತು. ಪರದೆ ಸ್ವಲ್ಪ ಯೋಚಿಸಿ ಬರೆಯಿತು: 'ಟಿ.ವಿ.'

ಮಿಕ್ಸಿ ಕಿರುಚುತ್ತಲೇ ಇತ್ತು.

"ಯಾವ ಚಾನಲ್ಲು?" ಎಂದು ಕೇಳಿದರು ಹನುಮಂತರಾಯಪ್ಪ.

"ಸಾರ್, ಏನೋ ಸಣ್ಣ ಮಿಸ್ಟೇಕು. ಇನ್ನೊಂದ್ಸಲ," ಎಂದ ವಿಶ್ರುತ್. ಇನ್ನೊಂದು ಸಲವೂ ಯಂತ್ರ ಟಿ.ವಿ. ಎಂದಿತು. ವೇಗ ಹೆಚ್ಚಿಸಿದ. 'ದೊಡ್ಡ ಟಿ.ವಿ.' ಎಂದಿತು. ಆಫೀಸಿನ ಹುಡುಗರು ಮಿಕ್ಸಿಯನ್ನು ಎಷ್ಟೋ ಸಲ ಪರೀಕ್ಷೆ ಮಾಡಿದ್ದರು. ಆದರೆ ಪ್ರತಿ ಸಲವೂ ಮಧ್ಯಾಹ್ನದ ದೋಸೆಯ ಹೊತ್ತಿಗೆ, ಶ್ಯಾಮಲಾ ಚಟ್ನಿ ರುಬ್ಬುವಾಗ. ಹೊಟ್ಟೆಯ ಕೆಲಸವನ್ನೂ ಯಂತ್ರದ ಕೆಲಸವನ್ನೂ ಒಟ್ಟಿಗೆ ಮುಗಿಸುವುದು ಜಾಣತನವೆಂದು ಆಗ ಎಲ್ಲರಿಗೂ ಅನಿಸಿತ್ತು.

ಕಿರಿಯ ಎಂಜಿನಿಯರು ಪೆನ್ನಿನ ಮುಚ್ಚಳ ತೆಗೆದ. ಲಕ್ಷ್ಮಮ್ಮ ಸೊಸೆಯ ಕಡೆ ತಿರುಗಿ, ಸೊಂಟದ ಗೊಂಚಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಶ್ಯಾಮಲಾ ಆ ಗೊಂಚಲನ್ನು ನೋಡಿದಳು. ಮೋಟರು ಕೋಣೆಯ ಕೈ, ತಾರಸಿಯ ಕೈ, ಕೆಳಗಿನ ಶೌಚಾಲಯದ ಕೈ, ಎಲ್ಲ ಮಡಿಲಲ್ಲಿ ಸಾಲಾಗಿ ಮಲಗಿದ್ದವು. ನಾಳೆಯಿಂದ ತಲೆ ಬಾಚಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ ಎಂದುಕೊಂಡಳು.

ಅಲ್ಲಿಗೆ ನಿಲ್ಲಿಸಿದ್ದರೆ ಲಕ್ಷ್ಮಮ್ಮ ಗೆದ್ದಂತೆಯೇ. ಆದರೆ ವಿಶ್ರುತ್ ನಿಲ್ಲಿಸಲಿಲ್ಲ. "ಲಾಸ್ಟ್ ಒಂದ್ಸಲ ಸಾರ್," ಎಂದ. ಅದಾದ ಮೇಲೆ ಇನ್ನೊಂದು ಲಾಸ್ಟ್. ಮಿಕ್ಸಿ ಖಾಲಿ ತಿರುಗಿತು, ನಿಂತಿತು, ಮತ್ತೆ ಖಾಲಿ ತಿರುಗಿತು. ಲಕ್ಷ್ಮಮ್ಮ ಒಂದು ಸಲ ಕಣ್ಣು ಮುಚ್ಚಿಕೊಂಡರು, ಇನ್ನೊಂದು ಸಲ ಕಿವಿ ಮುಚ್ಚಿಕೊಂಡರು. ಮತ್ತೊಂದು ಸಲಕ್ಕೆ ಮಂಡಿನೋವು ಮರೆತು ಎದ್ದು ನಿಂತರು.

"ನಿಲ್ಸೋ! ಸುಕ್ರವಾರದ ದಿನ, ದೀಪ ಅಚ್ಚೋ ಮನೇಲಿ, ಅದೆಷ್ಟು ಸಲ ಖಾಲಿ ತಿರುಗಿಸ್ತೀಯೋ? ನಮ್ ವಂಸಕ್ಕೆ ಏನು ಮಾಡ್ಬೇಕು ಅಂತಿದೀಯ?"

"ಆಂಟಿ, ಇದು ಆಫೀಸು..."

"ಆಪೀಸು ನಿಂದು, ಮನೆ ನಂದು! ಲೇ ಶಶೀ, ಆ ಪೋನು ಮಡಗು. ಮ್ಯಾಲಿಂದ ಕಾಯಿ ತತ್ತಾ. ಹುರಿಗಡ್ಲೆ, ಅಸಿಮೆಣಸಿನಕಾಯಿ, ಉಪ್ಪು, ಎಲ್ಲಾ ತತ್ತಾ. ತಿರುಗಿಸಾದಿದ್ರೆ ಏನಾದ್ರೂ ಆಕ್ಕೊಂಡು ತಿರುಗಿಸು!"

ಶಶಿಕುಮಾರ್ ಅಂದು ಮೊದಲ ಬಾರಿಗೆ ಫೋನು ಅರ್ಧಕ್ಕೆ ನಿಲ್ಲಿಸಿ ಓಡಿದ. ಕಾಯಿ ಬಂತು. ಲಕ್ಷ್ಮಮ್ಮ ತಾವೇ ಚೂರು ಮಾಡಿ ಜಾರಿಗೆ ಹಾಕತೊಡಗಿದರು.

ಮೊದಲ ಚೂರು ಜಾರಿನ ತಳಕ್ಕೆ ಬಿದ್ದ ಸದ್ದಿಗೆ ಶ್ಯಾಮಲಾಳಿಗೆ ಬೆಳಕಾಯಿತು. ರಾಮಕ್ಕನ ಮನೆ, ಬಸಕ್ಕನ ಮನೆ, ಬೀದಿಗೆ ಬೀದಿಯೇ ಕಣ್ಣ ಮುಂದೆ ಹಾದುಹೋಯಿತು. ಅವಳು ಯಂತ್ರಕ್ಕೆ ತೋರಿಸಿದ ಒಂದೇ ಒಂದು ಮಿಕ್ಸಿಯೂ ಖಾಲಿ ತಿರುಗಿರಲಿಲ್ಲ. ಯಂತ್ರ ಚಟ್ನಿಯನ್ನು ಕಲಿತಿತ್ತು, ಮಿಕ್ಸಿಯನ್ನಲ್ಲ. ಬಾಯಿಬಿಟ್ಟು ಹೇಳಿದರೆ ಅತ್ತೆ ಅಲ್ಲೇ ಕೈ ತಡೆಯುವರು. ಶ್ಯಾಮಲಾ ಬಾಯಿಬಿಡಲಿಲ್ಲ. ಮುಂದೆ ಬಂದು ವಿನಯದಿಂದ ಉಪ್ಪಿನ ಡಬ್ಬಿ ಹಿಡಿದಳು.

"ಸಾಕಾ ಅತ್ತೆ?"

"ಇನ್ನೊಂಚೂರು ಆಕು."

ವಿಶ್ರುತ್ ಗುಂಡಿ ತಿರುಗಿಸಿದ. ಮಿಕ್ಸಿ ಕಾಯಿಚೂರಿಗೆ ಸಿಕ್ಕಿ ಏದಿತು, ಹೆಣಗಿತು. ಲಕ್ಷ್ಮಮ್ಮ ಅವನ ಕೈ ಸರಿಸಿ, ಮುಚ್ಚಳ ತೆಗೆದು, ಚಮಚದಿಂದ ಕಲಕಿ, ಮತ್ತೆ ತಿರುಗಿಸಿದರು. ಪರದೆ ಒಂದು ಕ್ಷಣವೂ ತಡೆಯಲಿಲ್ಲ. 'ಮಿಕ್ಸಿ,' ಎಂದಿತು.

ಹುಡುಗರು ಚಪ್ಪಾಳೆ ತಟ್ಟಿದರು. ಲಕ್ಷ್ಮಮ್ಮ ಚಮಚ ಹಿಡಿದುಕೊಂಡೇ ಪರದೆಯನ್ನು ನೋಡಿದರು, ಸೊಸೆಯನ್ನು ನೋಡಿದರು, ತಾವು ಕುರ್ಚಿಯ ಮೇಲೆ ಬಿಟ್ಟುಬಂದಿದ್ದ ಗೊಂಚಲನ್ನು ನೋಡಿದರು. ಏನಾಯಿತೆಂದು ಅವರಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು.

ಹನುಮಂತರಾಯಪ್ಪ ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಇನ್ನೊಂದು ಚಟ್ನಿಯಾಯಿತು. ಬೆರಳಲ್ಲಿ ಮುಟ್ಟಿ ರುಚಿ ನೋಡಿದರು. "ಹುಣಸೆಹಣ್ಣು ಕಡಿಮೆ," ಎಂದರು. ಹುಣಸೆಹಣ್ಣು ಬಂತು, ಮತ್ತೆ ತಿರುಗಿತು, ಮತ್ತೆ 'ಮಿಕ್ಸಿ' ಎಂದಿತು. ಆಗ ಕಿರಿಯ ಎಂಜಿನಿಯರು ತಕರಾರು ತೆಗೆದ.

"ಸಾರ್, ಆದ್ರೆ ಖಾಲಿ ಓಡಿಸಿದ್ರೆ ಟಿ.ವಿ. ಅಂತಿದೆಯಲ್ಲ ಸಾರ್?"

"ನಿಮ್ಮ ಮನೇಲಿ ಖಾಲಿ ಮಿಕ್ಸಿ ತಿರುಗಿಸ್ತಾರೇನ್ರೀ?"

"ಛೇ ಛೇ, ಇಲ್ಲ ಸಾರ್."

"ನಮ್ಮನೇಲೂ ಇಲ್ಲ. ಈ ಯಂತ್ರ ಯಾರ ಮನೇಗೆ ಮಾಡಿರೋದು? ಮನೆಗಳಿಗೆ ತಾನೆ? ಮತ್ತಿನ್ನೇನು? ಬರ್ಕೊಳಿ: ಯಂತ್ರವು ತೃಪ್ತಿಕರವಾಗಿದೆ. ಷರತ್ತು, ಮಿಕ್ಸಿಯಲ್ಲಿ ಪದಾರ್ಥ ಇರತಕ್ಕದ್ದು." ಆಮೇಲೆ ವಿಶ್ರುತ್ ಕಡೆ ತಿರುಗಿದರು. "ಇಡ್ಲಿ ಏನಾದ್ರೂ ಇದೆಯೇನಪ್ಪಾ?"

ಇತ್ತು. ಬಸಕ್ಕನ ಮನೆಯ ಹಿಟ್ಟಿನದು.

ಸಂಜೆ ಮೇಲಿನ ಮನೆಯಲ್ಲಿ ನಿಜವಾದ ವಿಚಾರಣೆ ನಡೆಯಿತು.

"ಗೆದ್ದಿದ್ದು ನಾನು," ಎಂದರು ಲಕ್ಷ್ಮಮ್ಮ. "ನಿನ್ ಮಿಷಿನ್ನು ಎಲ್ರ ಮುಂದೆ ಟೀವಿ ಅಂದ್ಬುಡ್ತಲ್ಲ! ತಕ್ಕೋ, ಗೊಂಚಲು ಇಡಿ."

"ಯಾವಾಗ ಅಂತು ಅತ್ತೆ?"

"ಅದೇ, ಮೊದ್ಲು ತಿರುಗಿಸಿದ್ನಲ್ಲ ಆ ಆಪೀಸಿನ ಉಡ್ಗ."

"ಅದು ಖಾಲಿ ತಿರುಗಿಸಿದ್ದು."

"ಊ, ಖಾಲಿ."

"ಖಾಲಿ ತಿರುಗಿಸಿದ್ದು ಲೆಕ್ಕಕ್ಕೆ ಬರುತ್ತಾ ಅತ್ತೆ? ನೀವೇ ಹೇಳಿ. ಅದೂ ಒಂದು ತಿರುಗಿಸೋದು ಅಂತ ನೀವು ಒಪ್ಕೊಂಡ್ರೆ ಗೊಂಚಲು ಕೊಡಿ, ತಗೋತೀನಿ. ನಾಳೆಯಿಂದ ನಮ್ಮನೇಲೂ ತಿರುಗಿಸಬಹುದು."

ಖಾಲಿ ಒರಳು ತಿರುಗಿಸಿದ ತಪ್ಪಿಗೆ ಲಕ್ಷ್ಮಮ್ಮನ ಅತ್ತೆ ಹಿಂದೊಮ್ಮೆ ಅವರಿಂದ ತುಳಸಿಗೆ ಸುತ್ತು ಹಾಕಿಸಿದ್ದರು. ಅದೇ ತಪ್ಪಿಗೆ ಅವರು ತಮ್ಮ ನಾದಿನಿಯ ಮಗಳ ಕಿವಿ ಹಿಂಡಿದ್ದರು. ಅಡುಗೆ ಮಾಡಿಕೊಳ್ಳುವ ಬಾಡಿಗೆದಾರರಿಗೆಲ್ಲ ಮೊದಲ ದಿನವೇ ಆ ನಿಯಮ ಹೇಳಿ ಬೀಗದ ಕೈ ಕೊಡುತ್ತಿದ್ದರು. ಗೊಂಚಲಿನ ಒಂದೊಂದು ಕೈಯನ್ನೂ ಬೆರಳಲ್ಲಿ ಎಣಿಸಿದರು.

"ಲೆಕ್ಕಕ್ಕಿಲ್ಲ," ಎಂದರು ಕೊನೆಗೆ. ಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿ ಹಿಡಿದುಕೊಂಡು, ಮೋಟರು ಹಾಕಲು ಇಳಿದರು.

ಶ್ಯಾಮಲಾಳ ಕೆಲಸ ಕಾಯಂ ಆಯಿತು. ಅಷ್ಟಕ್ಕೆ ಎಲ್ಲರೂ ಸುಮ್ಮನಿರಬಹುದಿತ್ತು, ಆದರೆ ಕಲಿತ ಹುಡುಗರಿಗೆ ಸುಮ್ಮನಿರುವುದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ವಿಶ್ರುತ್‌ಗೆ ಖಾಲಿ ಮಿಕ್ಸಿಯ ಗೆರೆಯೂ ಬೇಕೆನಿಸಿತು. ಹೂಡಿಯಲ್ಲಿ ಯಾರೂ ಒಪ್ಪಲಿಲ್ಲ. ಆಫೀಸಿನಲ್ಲಿ ತಿರುಗಿಸಿದರೆ ಜಾಗ ಖಾಲಿ ಮಾಡಿಸುತ್ತೇನೆಂದು ಲಕ್ಷ್ಮಮ್ಮ ಹೇಳಿಕಳಿಸಿದರು. ಅವನು ತನ್ನ ತಾಯಿ ಭಾನುಮತಿಗೆ ಫೋನು ಮಾಡಿದ.

"ಅಮ್ಮ, ಮಿಕ್ಸೀನ ಐದು ನಿಮಿಷ ಖಾಲಿ ಓಡ್ಸಮ್ಮ, ಪ್ಲೀಸ್."

"ಇಷ್ಟು ಓದಿಸಿದ್ದು ಇದಕ್ಕೇನೋ?" ಎಂದರು ಭಾನುಮತಿ. "ನಿಮ್ಮಪ್ಪ ರಿಟೈರ್ ಆಗೋವರ್ಗೂ ಫ್ಯಾಕ್ಟರೀಲಿದ್ರು. ಒಂದಿನ ಮಿಷಿನ್ನ ಸುಮ್ಮನೆ ತಿರುಗಿಸಿದ್ರಾ ಕೇಳು." ಹಿಂದಿನಿಂದ ಅಪ್ಪನ ದನಿ ಬಂತು: "ಲೋಡ್ ಇಲ್ದೇ ಓಡಿಸ್ಬಾರ್ದು ಕಣೋ."

ಕೊನೆಗೆ ಶ್ಯಾಮಲಾಳೇ ದಾರಿ ಹುಡುಕಿದಳು. ಖಾಲಿ ತಿರುಗಿಸಿದರೆ ಮನೆಗೆ ಕೇಡು ತಾನೆ? ಮನೆಯೇ ಇಲ್ಲದ ಕಡೆ ತಿರುಗಿಸಿದರಾಯಿತು. ಶಾಮಿಯಾನದವರ ಜನರೇಟರು ತರಿಸಿ, ಒಂದು ಮೀಟರನ್ನೂ ಆ ಹೊಸ ಮಿಕ್ಸಿಯನ್ನೂ ಗಂಡನ ಟ್ಯಾಂಕರಿನ ಮೇಲಿಟ್ಟು, ಕೆರೆ ಏರಿಯ ಆಚೆ, ಊರಿನ ಗಡಿ ದಾಟಿ ಹೋದರು. ಲಕ್ಷ್ಮಮ್ಮ ಒಪ್ಪಿದರು, ಒಂದೇ ಕಟ್ಟಳೆಯ ಮೇಲೆ: ಮುಗಿಸಿದವರು ತಲೆಗೆ ನೀರು ಹಾಕಿಕೊಳ್ಳದೆ ಊರೊಳಗೆ ಕಾಲಿಡಬಾರದು. ಬಿಸಿಲಲ್ಲಿ ನಿಂತು ಮಿಕ್ಸಿಯನ್ನು ಮತ್ತೆ ಮತ್ತೆ ಖಾಲಿ ತಿರುಗಿಸಿದರು. ಅದು ಕಿರುಚಿ ಕಿರುಚಿ, ಕೊನೆಗೆ ಹೊಗೆಯುಗುಳಿ, ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು. ಶಶಿಕುಮಾರ್ ಟ್ಯಾಂಕರಿನ ಪೈಪು ಬಿಟ್ಟ. ಶ್ಯಾಮಲಾ ಅಲ್ಲೇ ನಿಂತು ತಲೆಗೆ ನೀರು ಹಾಕಿಕೊಂಡಳು.

ಚೀಲ ಹೆಗಲಿಗೆ ಹಾಕಿ, ಒದ್ದೆ ಕೂದಲು ಬಿಟ್ಟುಕೊಂಡು, ಟೀ ಅಂಗಡಿಯ ಮುಂದೆ ಅವಳು ನಡೆದುಬಂದಳು. ಆವಲಪ್ಪ ಲೋಟ ಕೆಳಗಿಟ್ಟ. ಅವಳು ಗೇಟು ಸೇರುವ ಹೊತ್ತಿಗೆ ಅವನೂ ಸೇರಿದ್ದ.

"ಯಾರು ಓದ್ರು ಆಂಜಿನಪ್ಪಾ?"

ಅಷ್ಟರಲ್ಲಿ ಯುಗಾದಿ ಕಳೆದು ಹೊಸ ವರ್ಷ ಹುಟ್ಟಿತ್ತು. ಆಂಜಿನಪ್ಪನವರ ಬಳಿ ಹೊಸದೊಂದು ಮಾತಿತ್ತು.

"ಮಿಕ್ಸಿ," ಎಂದರು.

ಆವಲಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತ. "ವಯಸ್ಸಾಗಿತ್ತಾ?" ಎಂದು ಕೇಳಿದ.

ಆಂಜಿನಪ್ಪ ಆಕಾಶ ನೋಡಿದರು. ಮೆಟ್ಟಿಲ ಮೇಲೆ ಲಕ್ಷ್ಮಮ್ಮನ ಗೊಂಚಲಿನ ಸದ್ದು ಒಂದೊಂದೇ ಮೆಟ್ಟಿಲಾಗಿ ಕೆಳಗಿಳಿಯುತ್ತಿತ್ತು. ತಾರಸಿಯ ಹಗ್ಗದ ಮೇಲೆ ಯಾರದೋ ಲುಂಗಿ ಯಾರದೋ ಸೀರೆಗೆ ತಾಗಿ, ಬಾಡಿಗೆ ರೂಮುಗಳಲ್ಲಿ ಜಗಳವಾಗಿತ್ತಂತೆ.